ಸುರ್‌ಸುರ್ ಬತ್ತಿ ಅಷ್ಟೇನೂ ಪಾಪದ್ದಲ್ಲ

ಜಯನಗರ ನಾಲ್ಕನೇ ಬ್ಲಾಕಿನಿಂದ ಪಟಾಕಿ ಚೀಲ ಮನೆಗೆ ಬಂದ ಕೂಡಲೇ ಪಾಲು ಹಂಚಿಕೆ ಶುರು. ಆಟಂ ಬಾಂಬ್ ಅಪ್ಪನಿಗೆ, ಹೂಕುಂಡ ಅಕ್ಕನಿಗೆ, ಸುರ್‌ಸುರ್ ಬತ್ತಿ ಮೂರು ವರ್ಷದ ಪುಟ್ಟನಿಗೆ. "ಅದೇನ್ ಮಾಡುತ್ತೆ, ಹಿಡ್ಕೊಳ್ಲಿ ಬಿಡು" ಅಂತ ಅಜ್ಜಿಯ ಶಿಫಾರಸು ಬೇರೆ.

ಎಡವುವುದು ಇಲ್ಲೇ. ಉರಿಯುವ ಆ ಬತ್ತಿಯ ಬಿಸಿ 1000 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಒಲೆ ಮೇಲೆ ಕುದಿಯುವ ನೀರಿನದು ಬರೀ 100. ಕಿಡಿ ನಿಂತು ಕಪ್ಪಾದ ಕಂಬಿಯನ್ನು ಪುಟ್ಟ ಅಲ್ಲೇ ಬಿಸಾಡುತ್ತಾನೆ, ಹಿಂದೆಯೇ ಬರಿಗಾಲಲ್ಲಿ ಓಡಿಬಂದ ಪಕ್ಕದ ಮನೆ ಹುಡುಗಿ ಅದನ್ನು ತುಳಿಯುತ್ತಾಳೆ. ಗೇಟಿನ ಬಳಿ ಒಂದು ಬಕೆಟ್ ನೀರಿಟ್ಟು, ಸುಟ್ಟ ಕಂಬಿಯನ್ನೆಲ್ಲ ಅದರಲ್ಲಿ ಅದ್ದಿಸಿ. 'ಚುಯ್' ಅನ್ನುವ ಸದ್ದಿಗಾದರೂ ಮಕ್ಕಳು ಮರೆಯದೆ ತಂದು ಹಾಕುತ್ತಾರೆ.

ಠುಸ್ ಆದ ಪಟಾಕಿ ಸತ್ತುಹೋಯಿತು ಅನ್ನುವುದೂ ಸುಳ್ಳು. ಬತ್ತಿ ಒಳಗೊಳಗೇ ಕನಲುತ್ತಿರಬಹುದು. ಬಗ್ಗಿ ನೋಡಿದವರ ಮುಖಕ್ಕೇ ಸಿಡಿಯುತ್ತದೆ. ಅರ್ಧ ಗಂಟೆ ಹತ್ತಿರ ಸುಳಿಯದೆ, ಆಮೇಲೆ ನೀರು ಸುರಿದು ನೆನೆಸಬೇಕು. ಮರುದಿನ ಬೆಳಿಗ್ಗೆ ಬನಶಂಕರಿಯ ಅಡ್ಡರಸ್ತೆಗಳಲ್ಲಿ ಹುಡುಗರು ಠುಸ್ ಪಟಾಕಿ ಆಯ್ದು, ಮುರಿದು, ಮದ್ದನ್ನು ಪೇಪರಿನ ಮೇಲೆ ಗುಡ್ಡೆ ಹಾಕಿ ಕಡ್ಡಿ ಗೀರುವುದುಂಟು. ನಾವೂ ಮಾಡಿದವರೇ. ಹುಬ್ಬು ಉಳಿದದ್ದು ಪುಣ್ಯ.

'ಹಸಿರು ಪಟಾಕಿ ತಂದಿದ್ದೀವಲ್ಲ' ಅನ್ನುವವರಿಗೆ: ನೀರಿ (NEERI) ಎಂಬ ಪರಿಸರ ಸಂಶೋಧನಾ ಸಂಸ್ಥೆ ಅದಕ್ಕೆ ಕೊಟ್ಟ ಸೂತ್ರದಿಂದ ಕಡಿಮೆಯಾಗುವುದು ಹೊಗೆಯ ಕಣ, ಅದೂ ಸುಮಾರು ಶೇ. 30. ಬೆಂಕಿ ಅದೇ ಬೆಂಕಿ.

ಹಚ್ಚದ ಪಟಾಕಿಯನ್ನು ದೇವರಮನೆ ಪಕ್ಕ ಪೇರಿಸಿಡುವವರು ಬಿಟಿಎಂನಿಂದ ಹೊಸೂರು ರಸ್ತೆ ಹಿಡಿದರೆ ಸಿಗುವ ಅತ್ತಿಬೆಲೆಯನ್ನು ನೆನೆಯಲಿ. 2023ರ ಅಕ್ಟೋಬರ್ 7ರಂದು ಅಲ್ಲಿನ ಮಳಿಗೆಯಲ್ಲಿ ಹತ್ತಿಕೊಂಡದ್ದು ಯಾರೂ ಹಚ್ಚದ ಪಟಾಕಿಯೇ. ಹತ್ತಕ್ಕೂ ಹೆಚ್ಚು ಜೀವ ಹೋಯಿತು.

ಸುಟ್ಟ ಜಾಗಕ್ಕೆ ಟೂತ್‌ಪೇಸ್ಟ್, ಇಂಕು, ಕಾಫಿಪುಡಿ ಯಾವುದೂ ಬೇಡ, ಐಸೂ ಬೇಡ. ಊದಿಕೊಳ್ಳುವ ಮುಂಚೆ ಬಳೆ, ಉಂಗುರ ತೆಗೆದು, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಎರಡು ನಿಮಿಷಕ್ಕೆ ಉರಿ ತಗ್ಗಿತೆಂದು ನಲ್ಲಿ ನಿಲ್ಲಿಸುವವರೇ ಜಾಸ್ತಿ.

ಕಣ್ಣಿಗೆ ಸಿಡಿದರೆ ಲೆಕ್ಕವೇ ಬೇರೆ. ಉಜ್ಜಬಾರದು, ಒತ್ತಬಾರದು, ಮುಲಾಮು ಹಾಕಬಾರದು. ಕಾಫಿ ಕುಡಿಯುವ ಪೇಪರ್ ಲೋಟದ ಬಾಯಿ ಕಣ್ಣಿನ ಸುತ್ತಲ ಮೂಳೆಯ ಮೇಲೆ ಕೂರುವಂತೆ ಮುಚ್ಚಿಕೊಂಡು ಸೀದಾ ಮಿಂಟೋ ಕಣ್ಣಾಸ್ಪತ್ರೆಗೆ ಆಟೋ ಹತ್ತುವುದು. ಹಬ್ಬದ ರಾತ್ರಿಗಳಲ್ಲಿ ಅಲ್ಲಿ ವೈದ್ಯರು ಎದ್ದೇ ಇರುತ್ತಾರೆ. ಬಂದು ಕೂತವರಲ್ಲಿ ಪಟಾಕಿ ಮುಟ್ಟದೆ ಬರೀ ನೋಡುತ್ತ ನಿಂತಿದ್ದವರೂ ಇರುತ್ತಾರೆ.