ಹರೆಯದ ಮೊಡವೆ: ಅಂಜಿಕೆ ಬೇಡ, ಅವಸರವೂ ಬೇಡ

ಹದಿಹರೆಯದ ಮಕ್ಕಳಿರುವ ಮನೆಯಲ್ಲಿ ಕನ್ನಡಿಗೆ ಬಿಡುವಿಲ್ಲ. ಕೆನ್ನೆಯ ಮೇಲೊಂದು ಮೊಡವೆ ಮೂಡಿದರೆ ಸಾಕು, “ಉಷ್ಣ ಹೆಚ್ಚಾಗಿದೆ”, “ಕರಿದ ತಿಂಡಿಯ ಫಲ”, “ಮುಖ ಸರಿಯಾಗಿ ತೊಳೆಯುವುದಿಲ್ಲ” ಎಂದು ಮನೆಮಂದಿಯೆಲ್ಲ ತಲೆಗೊಂದು ಕಾರಣ ಹೇಳುತ್ತಾರೆ. ನಿಜವಾದ ಕಾರಣವಿರುವುದು ಚರ್ಮದ ಒಳಗೆ.

ಕೂದಲಿನ ಬುಡದಲ್ಲಿ ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ. ಪ್ರಾಯ ಬಂದೊಡನೆ ಹುಡುಗರಲ್ಲಿಯೂ ಹುಡುಗಿಯರಲ್ಲಿಯೂ ಆಂಡ್ರೊಜೆನ್ ಎಂಬ ಹಾರ್ಮೋನುಗಳು ಈ ಗ್ರಂಥಿಗಳನ್ನು ಪ್ರಚೋದಿಸುತ್ತವೆ. ಹೆಚ್ಚಿದ ಜಿಡ್ಡು ಚರ್ಮದ ಸತ್ತ ಕಣಗಳೊಡನೆ ಕೂಡಿ ರಂಧ್ರವನ್ನು ಮುಚ್ಚುತ್ತದೆ. ಚರ್ಮದಲ್ಲಿ ಸಹಜವಾಗಿಯೇ ವಾಸಿಸುವ ಬ್ಯಾಕ್ಟೀರಿಯಾಗಳು ಅಲ್ಲಿ ವೃದ್ಧಿಗೊಂಡು ಬಾವು, ಕೀವು ಉಂಟಾಗುತ್ತವೆ. ತಾಯಿತಂದೆಯರಿಗೆ ಮೊಡವೆಯ ಕಾಟವಿದ್ದಲ್ಲಿ ಮಕ್ಕಳಿಗೂ ಬರುವ ಸಂಭವ ಹೆಚ್ಚು. ಕೆಲವು ಮೊಡವೆಗಳ ಕಪ್ಪು ತುದಿಯೂ ಕೊಳೆಯಲ್ಲ. ಚರ್ಮದ ವರ್ಣದ್ರವ್ಯ ಗಾಳಿ ತಾಗಿ ಕಪ್ಪಾದದ್ದು. ಆದುದರಿಂದ ಉಜ್ಜಿ ತೊಳೆದರೆ ಕೆರಳುವುದೇ ಹೊರತು ಶಮನವಾಗದು. ದಿನಕ್ಕೆ 2 ಬಾರಿ ಮೃದುವಾಗಿ ತೊಳೆದರೆ ಸಾಕು.

ಮೊಡವೆಗಿಂತ ಹೆಚ್ಚಿನ ಹಾನಿ ಅವಸರದಿಂದ. ಹಿಸುಕಿದರೆ ಬಾವು ಆಳಕ್ಕಿಳಿದು ಗುಳಿ ಉಳಿದೀತು. ನಮ್ಮವರ ಕಂದು ಮೈಬಣ್ಣದಲ್ಲಿ ಕಪ್ಪು ಕಲೆ ತಿಂಗಳುಗಟ್ಟಲೆ ಮಾಯುವುದಿಲ್ಲ. ಇದಕ್ಕಿಂತ ಅಪಾಯಕರವಾದುದು, ಗೆಳತಿಯ ಮಾತು ಕೇಳಿ ಔಷಧಿ ಅಂಗಡಿಯಿಂದ ತರುವ ಸ್ಟಿರಾಯ್ಡ್ ಬೆರೆತ ಮುಲಾಮು. ಮೊದಲ ಕೆಲವು ದಿನ ಮುಖ ತಿಳಿಯಾಗಿ, ಬೆಳ್ಳಗಾಗಿ ಕಾಣುತ್ತದೆ. ಅನಂತರ ಚರ್ಮ ತೆಳುವಾಗಿ ಕೆಂಪೇರುತ್ತದೆ, ಬೇಡದ ರೋಮ ಬೆಳೆಯುತ್ತದೆ, ಮೊಡವೆ ಇಮ್ಮಡಿಸಿ ಮರಳುತ್ತದೆ. ಇಂತಹ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಭಾರತ ಸರ್ಕಾರ 2018ರಲ್ಲಿ ನಿಯಮ ಮಾಡಿದುದು ಈ ಕಾರಣದಿಂದಲೇ.

ಒಳ್ಳೆಯ ಚಿಕಿತ್ಸೆಗಳಿಲ್ಲದೆ ಇಲ್ಲ. ಬೆನ್ಜಾಯ್ಲ್ ಪೆರಾಕ್ಸೈಡ್, ರೆಟಿನಾಯ್ಡ್ ಮುಲಾಮುಗಳು ಗುಣಕಾರಿ. ಆದರೆ ಫಲ ಕಾಣಲು 6ರಿಂದ 8 ವಾರವಾದರೂ ಬೇಕು. ತೀವ್ರವಾದ ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆ ಗರ್ಭಸ್ಥ ಶಿಶುವಿಗೆ ಘೋರ ಹಾನಿ ಮಾಡಬಲ್ಲದಾದ್ದರಿಂದ ಚರ್ಮವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸತಕ್ಕದ್ದು. ಮೊಡವೆಯೊಂದಿಗೆ ಮಾಸಿಕ ಋತುವೂ ಏರುಪೇರಾಗುತ್ತಿದ್ದರೆ ಹುಡುಗಿಯನ್ನು ವೈದ್ಯರಲ್ಲಿಗೆ ಕರೆದೊಯ್ಯಲು ತಡಮಾಡಬಾರದು.

ಕೊನೆಯದಾಗಿ, ಮೊಡವೆ ಮುಖದಲ್ಲಿದ್ದರೂ ನೋವು ಮನಸ್ಸಿಗೆ. ನೆಂಟರ ಮದುವೆಗೆ ಬರಲೊಲ್ಲದ, ಭಾವಚಿತ್ರಕ್ಕೆ ನಿಲ್ಲಲೊಲ್ಲದ ಮಗಳ ಮೌನವನ್ನು ಬರಿಯ ಹಟವೆಂದು ತಿಳಿಯಬಾರದು. ಮುಲಾಮಿಗಿಂತ ಮೊದಲು ಅವಳಿಗೆ ಬೇಕಾದುದು, ಪರಿಹಾಸ್ಯ ಮಾಡದ ಒಂದು ಮನೆ.