ಸ್ಕ್ರೂ ಬಿಚ್ಚಬಹುದು, ಬಿಡಿಭಾಗ ಎಲ್ಲಿಂದ ತರುವುದು?

ಆಮ್‌ಸ್ಟರ್‌ಡ್ಯಾಮ್‌ನ ಫೇರ್‌ಫೋನ್ ಕಂಪನಿ 2023ರಲ್ಲಿ ತಂದ ಫೇರ್‌ಫೋನ್ 5ರ ಹಿಂಬದಿ ಮುಚ್ಚಳ ಉಗುರು ತಾಗಿಸಿದರೆ ಬಿಚ್ಚಿಕೊಳ್ಳುತ್ತದೆ. ಬ್ಯಾಟರಿಯನ್ನು ಕೈಯಲ್ಲೇ ತೆಗೆಯಬಹುದು. ಸ್ಕ್ರೀನ್, ಕ್ಯಾಮೆರಾ, ಚಾರ್ಜಿಂಗ್ ಪೋರ್ಟ್ ಬದಲಿಸಲು ಪುಟ್ಟ ಸ್ಕ್ರೂಡ್ರೈವರ್ ಸಾಕು. ಫೋನ್‌ಗಳ ದುರಸ್ತಿ ಎಷ್ಟು ಸುಲಭವೆಂದು ಅಳೆಯುವ ಐಫಿಕ್ಸಿಟ್ ಇದಕ್ಕೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಮೇಲಾಗಿ ಐದು ವರ್ಷದ ವಾರಂಟಿ, 2031ರವರೆಗೆ ಅಪ್‌ಡೇಟ್‌ನ ಭರವಸೆ. ಬ್ಯಾಟರಿ ಸೊರಗಿದ ಕಾರಣಕ್ಕೇ ಚೆನ್ನಾಗಿರುವ ಫೋನನ್ನು ಮೂಲೆಗೆಸೆದು ನೊಂದವರಿಗೆ ಇಂಥದ್ದೊಂದು ಬೇಕೆನಿಸುವುದು ಸಹಜ, ಬೇಕೆನಿಸಲೂಬೇಕು. ಆದರೆ ಇದರ ಮುಖ್ಯ ಮಾರುಕಟ್ಟೆ ಯುರೋಪ್. ಹೊರಗಿನವರು ಬೇರೆ ದಾರಿ ಹುಡುಕಬೇಕು.

ಅಮೆರಿಕಕ್ಕೆ ಆ ದಾರಿ ತೆರೆದದ್ದು ಮ್ಯುರೇನಾ ಎಂಬ ಕಂಪನಿ. 2023ರಲ್ಲಿ ಅದು ಗೂಗಲ್ ಆ್ಯಪ್‌ಗಳಿಲ್ಲದ ತನ್ನದೇ ಸಾಫ್ಟ್‌ವೇರ್ ಹಾಕಿ ಫೇರ್‌ಫೋನ್ 4 ಮಾರಲು ಶುರುಮಾಡಿತು. ಆದರೆ ಅಲ್ಲಿನ ದೊಡ್ಡ ಮೊಬೈಲ್ ಸೇವಾ ಕಂಪನಿಗಳು 2022ರಲ್ಲೇ 3ಜಿ ನಿಲ್ಲಿಸಿದ್ದರಿಂದ ಕರೆಗಳೂ 4ಜಿ ಮೇಲೇ ಹೋಗಬೇಕು. ಅದಕ್ಕೆ ಫೋನಿನ ರೇಡಿಯೊ ಬ್ಯಾಂಡ್ ನೆಟ್‌ವರ್ಕಿಗೆ ಹೊಂದಿದರೆ ಸಾಲದು, ಕರೆಯನ್ನು 4ಜಿ ಮೇಲೆ ಸಾಗಿಸುವ ಆ ನೆಟ್‌ವರ್ಕಿನ ವೋಲ್ಟಿ ವ್ಯವಸ್ಥೆಯೂ ಫೋನಿನಲ್ಲಿರಬೇಕು. ಇಲ್ಲದಿದ್ದರೆ ಇಂಟರ್ನೆಟ್ ಓಡುತ್ತದೆ, ಕರೆ ಹೋಗುವುದಿಲ್ಲ. 2ಜಿ, 3ಜಿ ಎರಡೂ ಇಲ್ಲದ ಜಿಯೋ ಸಿಮ್ ಹಾಕುವವರಿಗೂ ಇದೇ ಮಾತು.

ನೆಟ್‌ವರ್ಕನ್ನು ಒಂದು ಸಂಜೆ ಸಿಮ್ ಹಾಕಿ ಪರೀಕ್ಷಿಸಬಹುದು. ಬಿಡಿಭಾಗದ ತೊಂದರೆ ಕಾಣುವುದು ಮೂರನೆಯ ವರ್ಷದಲ್ಲಿ. ಬೆಂಗಳೂರಿನ ಎಸ್.ಪಿ. ರಸ್ತೆಯ ರಿಪೇರಿ ಅಂಗಡಿಗಳಲ್ಲಿ ಅಂಟು ಹಾಕಿ ಮುಚ್ಚಿದ ಫೋನನ್ನೂ ಬಿಸಿ ಮಾಡಿ ಬಿಚ್ಚಿ ಹೊಸ ಡಿಸ್‌ಪ್ಲೇ ಕೂರಿಸುವ ಕೈಗಳಿವೆ. ಅದೇ ಮಾದರಿಯ ಫೋನ್‌ಗಳು ಇಲ್ಲಿ ಲಕ್ಷಗಟ್ಟಲೆ ಓಡಾಡುತ್ತಿರುವುದರಿಂದ ಅವುಗಳ ಡಿಸ್‌ಪ್ಲೇ ಅಂಗಡಿಯ ಡಬ್ಬದಲ್ಲೇ ಇರುತ್ತದೆ. ಫೇರ್‌ಫೋನ್ ತೆಗೆದುಕೊಂಡು ಹೋದರೆ ಅಂಗಡಿಯ ಹುಡುಗ ಎರಡೇ ನಿಮಿಷದಲ್ಲಿ ಬಿಚ್ಚಿಯಾನು, ಹಾಕಲು ಮಾತ್ರ ಅವನ ಬಳಿ ಏನೂ ಇರುವುದಿಲ್ಲ. ತರಿಸಲು ಹೊರಟರೆ ಬ್ಯಾಟರಿಯೇ ದೊಡ್ಡ ತಡೆ: ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಸಾಗಿಸುವುದು 2016ರ ಏಪ್ರಿಲ್‌ನಿಂದ ನಿಷಿದ್ಧ. ಕಂಪನಿಯ ಮನೆಯಂಗಳದಲ್ಲೂ ಬಿಡಿಭಾಗ ಶಾಶ್ವತವಲ್ಲ. 2013ರ ಮೊದಲ ಫೇರ್‌ಫೋನಿಗೆ ಭಾಗ ಒದಗಿಸುವವರು ಸಿಗದೆ 2017ರಲ್ಲಿ ಅದನ್ನು ಕೈಬಿಡಬೇಕಾಯಿತು. ಈಗ ಐರೋಪ್ಯ ಒಕ್ಕೂಟ, 2025ರ ಜೂನ್ 20ರಿಂದ, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಲೇಬೇಕೆಂದು ಕಾನೂನು ಮಾಡಿದೆ. ಒಳ್ಳೆಯ ಕಾನೂನು, ಆದರೆ ಮೈಸೂರಿನಲ್ಲಿ ಕೂತ ಗ್ರಾಹಕ ಅದರ ಬಲದ ಮೇಲೆ ಏನನ್ನೂ ಕೇಳುವಂತಿಲ್ಲ.

ಜರ್ಮನಿಯಲ್ಲೋ ನೆದರ್‌ಲೆಂಡ್ಸ್‌ನಲ್ಲೋ ಮಗಳು, ತಮ್ಮ ಇದ್ದು ವರ್ಷಕ್ಕೊಮ್ಮೆ ಊರಿಗೆ ಬರುವ ಮನೆಯವರು ಧೈರ್ಯವಾಗಿ ತರಿಸಿಕೊಳ್ಳಲಿ ಎನ್ನುತ್ತೇನೆ. ಬೇರೆಯವರಿಗೆ ನನ್ನ ಸಲಹೆ, ಊರಲ್ಲೇ ಬಿಡಿಭಾಗ ಸಿಗುವ ಫೋನ್ ಕೊಳ್ಳಿ. ತರಿಸುವವರು ಫೋನಿನ ಜೊತೆಗೇ ಒಂದು ಡಿಸ್‌ಪ್ಲೇ, ಒಂದು ಚಾರ್ಜಿಂಗ್ ಪೋರ್ಟ್ ತರಿಸಿಡಬೇಕು. ಬ್ಯಾಟರಿಯನ್ನು ಮಾತ್ರ ಮೊದಲೇ ಕೊಂಡಿಡಬಾರದು, ಬಳಸದಿದ್ದರೂ ಅದಕ್ಕೆ ವಯಸ್ಸಾಗುತ್ತದೆ. ಬೇಕಾದ ವರ್ಷ ಬರುವವರಿಗೆ ಹೇಳಿ, ಚೆಕ್-ಇನ್ ಲಗೇಜಿನಲ್ಲಿ ಹಾಕದೆ ಕೈಚೀಲದಲ್ಲೇ ತರಲು ನೆನಪಿಸಿ.