ಮಡಿಲು ತುಂಬೋಣ, ಮಗು ಕಾಯೋಣ

ಬಸುರಿ ಹೆಣ್ಣು ಅಂದರೆ ಇಡೀ ಕೇರಿಗೇ ಅಕ್ಕರೆ. "ಏನು ತಿನ್ನೋ ಆಸೆ ಆಗ್ತದೆ, ಹೇಳವ್ವ" ಅಂತ ನೆರೆಮನೆಯವರೂ ಕೇಳುತ್ತಾರೆ. ಈ ಅಕ್ಕರೆಯ ಹಬ್ಬವೇ ಸೀಮಂತ.

ಸೀಮಂತವನ್ನು ಯಾಕೆ ಮಾಡುತ್ತೇವೆ? ಹೊಟ್ಟೆಯೊಳಗಿನ ಕೂಸಿಗೆ ಕೆಟ್ಟ ಕಣ್ಣು ಬೀಳದಿರಲಿ. ತಾಯಿ ಮಗು ಇಬ್ಬರೂ ಚೆನ್ನಾಗಿರಲಿ. ಇದೇ ನಮ್ಮ ಹಿರಿಯರ ಹಾರೈಕೆ. ಈ ಹಾರೈಕೆ ಫಲಿಸಬೇಕಾದರೆ ನಾವು ಏನು ಮಾಡಬೇಕು? ಬನ್ನಿ, ನೋಡೋಣ.

ಹಲವು ಊರು, ಹಲವು ಹೆಸರು

ಮೈಸೂರು ಕಡೆ ಇದನ್ನು ಸೀಮಂತ ಅನ್ನುತ್ತಾರೆ. ಉತ್ತರ ಕರ್ನಾಟಕದಲ್ಲಿ ಕುಬಸ ಅನ್ನುತ್ತಾರೆ. ಕರಾವಳಿಯಲ್ಲಿ ಬಯಕೆ ಅನ್ನುತ್ತಾರೆ. ಕೆಲವರು ಐದು ತಿಂಗಳಿಗೆ ಮಾಡುತ್ತಾರೆ. ಕೆಲವರು ಏಳಕ್ಕೆ, ಕೆಲವರು ಒಂಬತ್ತಕ್ಕೆ ಮಾಡುತ್ತಾರೆ.

ಬಸುರಿಗೆ ಹಸಿರು ಸೀರೆ ಉಡಿಸುತ್ತೇವೆ. ಕೈ ತುಂಬ ಹಸಿರು ಬಳೆ ತೊಡಿಸುತ್ತೇವೆ. ಹೂವು ಮುಡಿಸುತ್ತೇವೆ. ಅಕ್ಕಿ, ತೆಂಗಿನಕಾಯಿ, ಬೆಲ್ಲ, ಎಲೆ ಅಡಿಕೆ ಇಟ್ಟು ಮಡಿಲು ತುಂಬುತ್ತೇವೆ. ಆರತಿ ಎತ್ತಿ ಹಾಡು ಹೇಳುತ್ತೇವೆ.

ಈ ಶಾಸ್ತ್ರ ಬಹಳ ಹಳೆಯದು. ಸೀಮಂತ ಅಂದರೆ ಬೈತಲೆ. ಹಿಂದೆ ಗಂಡನೇ ಹೆಂಡತಿಯ ಬೈತಲೆ ತೆಗೆಯುತ್ತಿದ್ದ. ಅದಕ್ಕೆ ಮುಳ್ಳುಹಂದಿಯ ಮುಳ್ಳು, ದರ್ಭೆ, ಅತ್ತಿಕಾಯಿ ಬಳಸುತ್ತಿದ್ದರು. ವೀಣೆ ನುಡಿಸಿ ಹಾಡಿಸುತ್ತಿದ್ದರು. ಹಳೆಯ ಗೃಹ್ಯಸೂತ್ರಗಳಲ್ಲಿ ಇದೆಲ್ಲ ಬರೆದಿದೆ. ಬಸುರಿಯ ಮನಸ್ಸು ಹಗುರಾಗಿರಬೇಕು ಅನ್ನೋದು ಆಗಲೂ ಜನರಿಗೆ ಗೊತ್ತಿತ್ತು.

ಒಳಗಿನ ತಿರುಳು

ಬಸುರಿಯ ಬಯಕೆ ತೀರಿಸಬೇಕು ಅನ್ನುತ್ತೇವೆ. ಬಯಕೆಯ ಊಟದಲ್ಲಿ ಏನೇನು ಇರುತ್ತದೆ? ಹೋಳಿಗೆ, ಕಡುಬು, ಪುಳಿಯೋಗರೆ, ಮೊಸರನ್ನ, ಹಣ್ಣು. ಅಂದರೆ ಬಸುರಿಗೆ ಒಳ್ಳೆಯ ಊಟ ಬೇಕು ಅಂತ ತಾನೆ? ಆದರೆ ಒಂದೇ ದಿನ ಉಂಡರೆ ಸಾಲದು. ಬೇಳೆ, ಸೊಪ್ಪು, ಕಾಳು, ಹಾಲು ದಿನಾ ಬೇಕು. ತಿನ್ನುವವರಿಗೆ ಮೊಟ್ಟೆಯೂ ಬೇಕು. ನಮ್ಮ ಮನೆಗಳಲ್ಲಿ ಎಲ್ಲರೂ ಉಂಡ ಮೇಲೆ ಸೊಸೆ ಉಣ್ಣುತ್ತಾಳೆ. ಪಾತ್ರೆಯ ತಳದಲ್ಲಿ ಉಳಿದಿದ್ದೇ ಅವಳ ಪಾಲು. ಸೀಮಂತದ ದಿನ ಮೊದಲ ಎಲೆ ಅವಳಿಗೆ ಹಾಕುತ್ತೇವಲ್ಲ, ಮರುದಿನ ಯಾಕೆ ಹಾಕಬಾರದು?

ಬಳೆಯ ಸದ್ದು ಕೂಸಿಗೆ ಕೇಳುತ್ತದೆ ಅನ್ನುತ್ತಾರೆ. ಅಭಿಮನ್ಯು ಸುಭದ್ರೆಯ ಹೊಟ್ಟೆಯಲ್ಲಿದ್ದಾಗಲೇ ಚಕ್ರವ್ಯೂಹದ ಮಾತು ಕೇಳಿದ ಕತೆ ನಮಗೆಲ್ಲ ಗೊತ್ತು. ಅದು ಕತೆ. ಆದರೆ ಆರೇಳು ತಿಂಗಳಿಗೆ ಹೊಟ್ಟೆಯ ಕೂಸಿಗೆ ಹೊರಗಿನ ಸದ್ದು ಕೇಳುವುದು ನಿಜ. ಅಂಥ ಮನೆಯಲ್ಲಿ ಬೈಗುಳ, ಹೊಡೆತ ಇರಬಹುದೇ? ಬಸುರಿಗೆ ಹೊಡೆದರೆ ಕೂಸಿಗೂ ಪೆಟ್ಟು.

ಇದನ್ನು ಬಿಡೋಣ

ಹಿಂದೆ ಪುಂಸವನ ಅನ್ನೋ ಶಾಸ್ತ್ರವೂ ಇತ್ತು. ಗಂಡು ಮಗು ಆಗಲಿ ಅಂತ ಬಸುರಿಯ ಮೂಗಿಗೆ ಆಲದ ಚಿಗುರಿನ ರಸ ಬಿಡುತ್ತಿದ್ದರು. ಆದರೆ ಬಸಿರು ನಿಂತಾಗಲೇ ಮಗು ಹೆಣ್ಣೋ ಗಂಡೋ ತೀರ್ಮಾನ ಆಗಿರುತ್ತದೆ. ಅದು ತೀರ್ಮಾನ ಆಗೋದು ತಂದೆಯ ಬೀಜದಿಂದ. ಹೆಣ್ಣು ಹೆತ್ತಳು ಅಂತ ತಾಯಿಯನ್ನು ಬೈದು ಏನು ಫಲ? ಸ್ಕ್ಯಾನಿಂಗ್ ಮಾಡಿ ಹೆಣ್ಣೋ ಗಂಡೋ ಹೇಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ಹೇಳುವವರಿಗೆ ಜೈಲು, ದಂಡ ಎರಡೂ ಉಂಟು.

ಆರತಿಗೆ ಮುತ್ತೈದೆಯರು ಮಾತ್ರ ಬರಬೇಕು ಅನ್ನುತ್ತೇವೆ. ಹಲವು ಮಕ್ಕಳನ್ನು ಹೆತ್ತು ಸಾಕಿದ ಅಜ್ಜಿ ಗಂಡ ಸತ್ತ ತಪ್ಪಿಗೆ ಮೂಲೆಯಲ್ಲಿ ಕೂರುತ್ತಾಳೆ. ಮಕ್ಕಳಾಗದವಳು ಬಾಗಿಲ ಆಚೆ ನಿಲ್ಲುತ್ತಾಳೆ. ಅವರ ಹಾರೈಕೆ ಹಾರೈಕೆ ಅಲ್ಲವೇ? ಅವರನ್ನೂ ಒಳಗೆ ಕರೆಯೋಣ.

ಗ್ರಹಣದ ದಿನ ಬಸುರಿಯನ್ನು ಉಪವಾಸ ಕೂರಿಸುವುದು ಬೇಡ. ಗ್ರಹಣದಿಂದ ಕೂಸಿನ ತುಟಿ ಸೀಳುವುದಿಲ್ಲ. ಊಟ, ನೀರು ಇಲ್ಲದಿದ್ದರೆ ಮಾತ್ರ ತಾಯಿ ಬಳಲುತ್ತಾಳೆ.

ಸಾಲ ಮಾಡಿ ಸೀಮಂತ ಮಾಡುವುದೂ ಬೇಡ. ಶಾಮಿಯಾನಕ್ಕೆ ಕೊಡುವ ದುಡ್ಡು ಹೆರಿಗೆಯ ಖರ್ಚಿಗೆ ಇರಲಿ.

ಇದನ್ನು ಸೇರಿಸೋಣ

ಮೂರು ತಿಂಗಳು ತುಂಬುವ ತನಕ ಯಾರಿಗೂ ಹೇಳಬಾರದು ಅನ್ನುವ ಮಾತಿದೆ. ಊರಿಗೆ ಹೇಳಬೇಡಿ. ಆದರೆ ಆಶಾ ಕಾರ್ಯಕರ್ತೆಗೆ ಹೇಳಲೇಬೇಕು. 12 ವಾರದ ಒಳಗೆ ಹೆಸರು ಬರೆಸಬೇಕು. ಆಗ ತಾಯಿ ಕಾರ್ಡ್ ಕೊಡುತ್ತಾರೆ. ಹೆರಿಗೆಗೆ ಮುಂಚೆ ಕನಿಷ್ಠ 4 ಸಲ ತಪಾಸಣೆ ಆಗಬೇಕು. ರಕ್ತ, ರಕ್ತದೊತ್ತಡ, ತೂಕ, ಮೂತ್ರ ಎಲ್ಲ ನೋಡುತ್ತಾರೆ. ಧನುರ್ವಾಯು ಬಾರದಂತೆ ಚುಚ್ಚುಮದ್ದು ಕೊಡುತ್ತಾರೆ.

ಬಸುರಿಗೆ ರಕ್ತದ ಅಂಶ 11 ಗ್ರಾಂ ಇರಬೇಕು. 7ಕ್ಕಿಂತ ಕಡಿಮೆ ಆದರೆ ಜೀವಕ್ಕೆ ಅಪಾಯ. ಅದಕ್ಕೇ ಕಬ್ಬಿಣದ ಮಾತ್ರೆ ನುಂಗಬೇಕು. ನಾಲ್ಕನೇ ತಿಂಗಳಿಂದ ದಿನಕ್ಕೆ ಒಂದರಂತೆ 180 ದಿನ ತಪ್ಪಿಸಬಾರದು. ಟೀ ಜೊತೆ ನುಂಗಬಾರದು. ಸುಣ್ಣದ ಅಂಶದ ಮಾತ್ರೆಯನ್ನೂ ಇದರ ಜೊತೆ ನುಂಗಬಾರದು, ಬೇರೆ ಹೊತ್ತಿಗೆ ನುಂಗಬೇಕು. ಮಲ ಕಪ್ಪಗೆ ಬಂದರೆ ಹೆದರಿ ಮಾತ್ರೆ ಬಿಡಬೇಡಿ. ಅದು ಕಬ್ಬಿಣದ ಬಣ್ಣ ಅಷ್ಟೆ.

ಅಂಗನವಾಡಿಯಲ್ಲಿ ಬಸುರಿಗೆ, ಬಾಣಂತಿಗೆ ಊಟ ಕೊಡುವ ಮಾತೃಪೂರ್ಣ ಯೋಜನೆ 2017ರ ಅಕ್ಟೋಬರ್ 2ರಂದು ಶುರುವಾಯಿತು. ಅದು ನಮ್ಮ ಹಕ್ಕು. ಕೇಳಲು ನಾಚಿಕೆ ಬೇಡ. ಈಗ ಎಷ್ಟೋ ಅಂಗನವಾಡಿಗಳಲ್ಲಿ ಸೀಮಂತವನ್ನೂ ಮಾಡುತ್ತಾರೆ. ಅಲ್ಲಿ ಜಾತಿಯ ಮಾತಿಲ್ಲ. ಎಲ್ಲರೂ ಒಟ್ಟಿಗೆ ಕೂತು ಉಣ್ಣುತ್ತಾರೆ.

ಸೀಮಂತ ಮುಗಿಸಿ ಮಗಳು ತವರಿಗೆ ಹೋಗುತ್ತಾಳೆ. ಎಷ್ಟೋ ಸಲ ತಾಯಿ ಕಾರ್ಡ್ ಗಂಡನ ಮನೆಯ ಗೂಡಿನಲ್ಲೇ ಉಳಿಯುತ್ತದೆ. ನಡುರಾತ್ರಿ ನೋವು ಬಂದರೆ ತವರಿನ ಆಸ್ಪತ್ರೆಗೆ ಅವಳ ವಿಷಯ ಏನೂ ತಿಳಿಯದು. ಅದಕ್ಕೇ ನಾವು ಹೇಳೋದು: ಮಡಿಲಿಗೆ ಅಕ್ಕಿ, ಕಾಯಿ ಜೊತೆ ತಾಯಿ ಕಾರ್ಡನ್ನೂ ಇಡಿ. ತವರಿಗೆ ಹೋದ ಕೂಡಲೇ ಅಲ್ಲಿನ ಆಶಾಗೆ ತೋರಿಸಿ.

ಈ ಅಪಾಯಗಳನ್ನು ನೆನಪಿಡಿ

* ರಕ್ತ ಹೋಗುವುದು
* ಜೋರು ತಲೆನೋವು, ಕಣ್ಣು ಮಂಜಾಗುವುದು
* ಮುಖ, ಕೈ ಊದುವುದು
* ಫಿಟ್ಸ್ ಬರುವುದು
* ಜೋರು ಜ್ವರ
* ಕೂಸು ಮಿಸುಕಾಡುವುದು ಕಡಿಮೆ ಆಗುವುದು
* ನೋವಿಗೆ ಮೊದಲೇ ನೀರು ಹೋಗುವುದು

ಇವು ಕಂಡರೆ ದೃಷ್ಟಿ ತೆಗೆಯುತ್ತಾ ಕೂರಬೇಡಿ. ಕೂಡಲೇ 108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಬರುತ್ತದೆ. ದುಡ್ಡು ಕೊಡಬೇಕಾಗಿಲ್ಲ.

ಹಸಿರು ಬಳೆ ಇರಲಿ. ಹೂವು ಇರಲಿ. ಹಾಡು ಇರಲಿ. ಜೊತೆಗೆ ಕಾರ್ಡ್, ಮಾತ್ರೆ, ಹೊಟ್ಟೆ ತುಂಬ ಊಟವೂ ಇರಲಿ. ಆಗ ನಮ್ಮ ಹಾರೈಕೆಗೆ ಬಲ ಬರುತ್ತದೆ.

ಕೂಡಿ ಮಾತಾಡೋಣ

1. ನಿಮ್ಮ ಊರಲ್ಲಿ ಸೀಮಂತಕ್ಕೆ ಏನಂತಾರೆ? ಹೇಗೆ ಮಾಡುತ್ತಾರೆ?
2. ನಿಮ್ಮ ಕೇರಿಯಲ್ಲಿ ಈಗ ಬಸುರಿಯರು ಯಾರಿದ್ದಾರೆ? ಅವರೆಲ್ಲರ ಬಳಿ ತಾಯಿ ಕಾರ್ಡ್ ಇದೆಯೇ? ಅದರಲ್ಲಿ ಬರೆದಿರುವುದನ್ನು ಅವರಿಗೆ ಓದಿ ಹೇಳಿ.